ಮಾಳಿಗೆಗೆ ಹೊತ್ತ ನೀರು

"ಗುರುಗಳೇ, ಕಂಡ ಮೇಲೆ ಸುಲಭವೆನಿಸುವುದು ಕಾಣುವ ಮೊದಲೂ ಸುಲಭವಾಗಿತ್ತೇ ಎಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ನಾಗಭೂಷಣ ಕೇಳಿದ.

ಅವನು ಪೇಟೆಂಟ್ ಕಚೇರಿಯಲ್ಲಿ ಪರೀಕ್ಷಕ. ಮನೆ ಕಟ್ಟುವ ಹೊಸ ವಿಧಾನವೊಂದು ಅವನ ಮುಂದೆ ಬಂದಿತ್ತು. ಅದರಲ್ಲಿ ಬಳಸಿದ ಸಾಮಾನುಗಳೆಲ್ಲ ಹಳೆಯವೇ. ಕಸುಬು ಬಲ್ಲ ಯಾರಿಗಾದರೂ ಹೊಳೆಯುವಂಥದ್ದಾದರೆ ಪೇಟೆಂಟ್ ಕೊಡುವಂತಿಲ್ಲ. "ನನಗಂತೂ ಇದರಲ್ಲಿ ವಿಶೇಷವೇನೂ ಕಾಣುತ್ತಿಲ್ಲ" ಎಂದ.

ಗುರುಗಳು ಕತೆ ಹೇಳಿದರು.

ಬಿಸಿಲ ನಾಡಿನಲ್ಲಿ ಒಬ್ಬ ಮೇಸ್ತ್ರಿಯಿದ್ದ. ಮನೆ ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅದು ಅವನಿಗೂ ಚೆನ್ನಾಗಿಯೇ ಗೊತ್ತಿತ್ತು. ಆದರೆ ಬೇಸಗೆ ಬಂದರೆ ಅವನ ಮಾಳಿಗೆಯೂ ಕಾದ ಕಾವಲಿಯೇ. ಗಾರೆ ದಪ್ಪ ಮಾಡಿದ, ಸುಣ್ಣ ಬಳಿದ, ಜೋಳದ ದಂಟು ಹೊದಿಸಿದ. ಸೆಕೆ ಜಗ್ಗಲಿಲ್ಲ. ಗಂಡನಿಗೆ ನಿದ್ದೆ ಹತ್ತಲೆಂದು ಹೆಂಡತಿ ಪ್ರತಿ ಸಂಜೆ ಮಣ್ಣಿನ ಕೊಡದಲ್ಲಿ ನೀರು ಹೊತ್ತು ಮಾಳಿಗೆಗೆ ಸುರಿಯುತ್ತಿದ್ದಳು. ಅವನು ಕೊಡಕ್ಕೆ ಕೈಹಾಕಿದರೆ, "ದಿನವೆಲ್ಲ ಕಲ್ಲು ಎತ್ತಿ ಬಂದಿದ್ದೀರಿ" ಎಂದು ಬಿಡುತ್ತಿರಲಿಲ್ಲ. ಹಾಗೆಯೇ ಅವಳಿಗೆ ವಯಸ್ಸಾಯಿತು, ಮಂಡಿ ಸೋತಿತು. ನೋಡಿದಾಗೆಲ್ಲ ಅವನ ಕರುಳು ಚುರುಕ್ ಎನ್ನುತ್ತಿತ್ತು.

ಆ ನಾಡಿನಲ್ಲಿ ಒಂದು ಕಟ್ಟಳೆ. ಕಟ್ಟಡದ ಹೊಸ ಉಪಾಯ ಕಂಡುಹಿಡಿದವನ ಒಪ್ಪಿಗೆಯಿಲ್ಲದೆ ಕೆಲವು ವರ್ಷ ಬೇರೆಯವರು ಅದನ್ನು ಬಳಸುವಂತಿಲ್ಲ. ಅದು ಹೊಸದೋ ಅಲ್ಲವೋ ಎಂದು ತೀರ್ಪು ಕೊಡುವವನು ಈ ಮೇಸ್ತ್ರಿ.

ಒಂದು ದಿನ ಪರವೂರಿನ ಗಾರೆಯವನೊಬ್ಬ ತಾನು ಕಟ್ಟಿದ ಕೋಣೆಯನ್ನು ತೋರಿಸಿದ. ಮಾಳಿಗೆಯ ಮೇಲೆ ಮಣ್ಣಿನ ಕುಡಿಕೆಗಳನ್ನು ಒತ್ತೊತ್ತಾಗಿ ಬೋರಲು ಹಾಕಿ, ಅವುಗಳ ಮೇಲೆ ಗಾರೆ ಎಳೆದಿದ್ದ. ಕುಡಿಕೆಯೊಳಗಿನ ಗಾಳಿ ಬಿಸಿಯನ್ನು ತಡೆದು, ಕೋಣೆ ತಣ್ಣಗಿತ್ತು. ಅವನ ಬಾಳೆಲ್ಲ ಆ ಉಪಾಯವನ್ನೇ ನಂಬಿಕೊಂಡಿತ್ತು.

"ಇಷ್ಟೇನಾ? ಕುಡಿಕೆ ಯಾರ ಮನೆಯಲ್ಲಿಲ್ಲ? ಗಾರೆ ಯಾರಿಗೆ ಗೊತ್ತಿಲ್ಲ?" ಎಂದ ಮೇಸ್ತ್ರಿ. ಇದು ಹೊಸದಲ್ಲವೆಂದು ನಾಳೆ ತೀರ್ಪು ಹೇಳಿಬಿಡೋಣವೆಂದು ಮನೆಗೆ ಬಂದ.

ಹೆಂಡತಿ ಮೆಟ್ಟಿಲ ನಡುವೆ ಕೊಡ ಹೊತ್ತು, ಏದುಸಿರು ಬಿಡುತ್ತ ನಿಂತಿದ್ದಳು. ಅವನನ್ನು ಕಂಡು ನಕ್ಕಳು. "ಬಂದೆ ಇರಿ, ಇದೊಂದು ಸುರಿದುಬಿಟ್ಟರೆ ನೀವು ಹಾಯಾಗಿ ಮಲಗಬಹುದು."

ಅವನು ಕೊಡವನ್ನು ಇಳಿಸಿ ಪಕ್ಕಕ್ಕಿಟ್ಟ. ಅವಳ ಕೈ ಹಿಡಿದು ಆ ಮೆಟ್ಟಿಲ ಮೇಲೆಯೇ ಕೂತು ಅತ್ತುಬಿಟ್ಟ. ಮರುದಿನ ಗಾರೆಯವನ ಪರವಾಗಿ ತೀರ್ಪು ಕೊಟ್ಟ.

"ಸಂಜೆ ಸುಲಭವೆನಿಸಿದ್ದು ಬೆಳಗಾಗುವಷ್ಟರಲ್ಲಿ ಹೊಸದಾಯಿತೇ, ಗುರುಗಳೇ?" ಎಂದ ನಾಗಭೂಷಣ.

ಗುರುಗಳು ಮೆಲ್ಲಗೆ ಕೇಳಿದರು: "ಅಷ್ಟು ಸುಲಭವಾಗಿ ಹೊಳೆಯುವಂಥದ್ದಾಗಿದ್ದರೆ, ಅವಳ ಮೇಲೆ ಜೀವವನ್ನೇ ಇಟ್ಟುಕೊಂಡಿದ್ದ ಆ ಮೇಸ್ತ್ರಿ ಅಷ್ಟು ವರ್ಷ ಅವಳು ನೀರು ಹೊರುವುದನ್ನು ನೋಡುತ್ತ ಇರುತ್ತಿದ್ದನೇನಪ್ಪ?"