ಗಾನಿಮನ ಕೂಗು

ಬಲು ಹಿಂದೆ, ಅರಬರ ಕೊಲ್ಲಿಯ ದಡದಲ್ಲಿ ಒಂದು ಊರು. ನಮ್ಮ ಕರಾವಳಿಯಿಂದ ಹಂಚು ತುಂಬಿಕೊಂಡು ಹೋಗುತ್ತಿದ್ದ ಮಂಜಿ ಹಡಗಿನವರು ಕಂಡ ಊರು, ಅವರು ತಂದ ಕಥೆ. ಉಪ್ಪುಖಾರ ಹಚ್ಚಿದ್ದರೆ ಅವರೇ ಹಚ್ಚಿದ್ದು, ನನ್ನನ್ನು ಕೇಳಬೇಡಿ.

ಆ ಊರಲ್ಲಿ ಗಾನಿಮ್ ಎಂಬವನಿದ್ದನಂತೆ. ರಾಜನ ನೌಕಾಪಡೆಯಲ್ಲಿ ಆಳ ಕೂಗುವ ಕೆಲಸ. ಆಗ ಪಡೆಯೆಂದರೆ ಐದಾರು ಮರದ ಹಡಗು ಅಷ್ಟೆ. ಕಡಲ್ಗಳ್ಳರನ್ನು ಓಡಿಸಬೇಕು, ಮುತ್ತು ತೆಗೆಯುವ ದೋಣಿಗಳನ್ನು ಕಾಯಬೇಕು. ಗಾನಿಮ್ ಹಡಗಿನ ಮುಂದಿನ ತುದಿಯಲ್ಲಿ ನಿಂತು, ಹಗ್ಗಕ್ಕೆ ಕಟ್ಟಿದ ಸೀಸದ ಗುಂಡು ಇಳಿಬಿಟ್ಟು, ಎಷ್ಟು ಮಾರು ನೀರಿದೆಯೆಂದು ಕೂಗುತ್ತಿದ್ದ. ಗುಂಡಿನ ತಳಕ್ಕೆ ಮೆತ್ತಿದ ಆಡಿನ ಕೊಬ್ಬಿಗೆ ಕಡಲತಳದ ಮಣ್ಣು ಅಂಟಿ ಬರುತ್ತಿತ್ತು. ಅದನ್ನು ನಾಲಿಗೆಗೆ ಮುಟ್ಟಿಸಿ, ಹಡಗು ಎಲ್ಲಿದೆಯೆಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದನಂತೆ. ಅವನ ದನಿಯೋ, ಮೂರು ಹರದಾರಿ ಕೇಳುತ್ತಿತ್ತಂತೆ.

ಹೀಗಿರಲು ರಾಜ ಕಬ್ಬಿಣದ ಹಡಗು ತರಿಸಿದ. ಅದರೊಳಗೊಂದು ಗಾಜು, ಗಾಜಿನಲ್ಲಿ ಹಸಿರು ಬೆಳಕು, ಆ ಬೆಳಕಿನಲ್ಲಿ ನೀರಿನ ಆಳ! ಊರಿಗೆ ಊರೇ ಬಾಯಿಬಿಟ್ಟುಕೊಂಡು ನೋಡಿತಂತೆ. ಇನ್ನು ಕೂಗುವವನು ಯಾಕೆ ಎಂದು ಗಾನಿಮನಿಗೆ ಶಾಲು ಹೊದಿಸಿ ಮನೆಗೆ ಕಳಿಸಿದರು. ಅವನು ಕಡಲಿಗೆ ಬೆನ್ನು ಹಾಕಿ ಕುಳಿತ. ಮಗಳು ಮೌಝಾ ಎಷ್ಟು ರಮಿಸಿದರೂ ತಿರುಗಲಿಲ್ಲ. ಮುದುಕರ ಮುನಿಸು ನಿಮಗೆ ಗೊತ್ತಲ್ಲ.

ಆ ವರ್ಷ ಮುತ್ತಿನ ಹಂಗಾಮಿನಲ್ಲಿ ಮೂರು ದಿನ ಬಿರುಗಾಳಿ ಬೀಸಿತು. ಊರಿನ ಹನ್ನೊಂದು ದೋಣಿ, ಇನ್ನೂರು ಜನ, ಹವಳದ ದಿಬ್ಬಗಳ ನಡುವೆ ಸಿಕ್ಕಿಬಿದ್ದರು. ಮೌಝಾಳ ಗಂಡನೂ ಅವರಲ್ಲಿದ್ದ. ಅವರನ್ನು ಕರೆತರಲು ಕಬ್ಬಿಣದ ಹಡಗು ಧಾವಿಸಿತು, ಆದರೆ ದಿಬ್ಬಗಳ ಬಾಯಲ್ಲೇ ನಿಂತುಬಿಟ್ಟಿತು. ನಕ್ಷೆಯಲ್ಲಿದ್ದ ದಾರಿಯನ್ನು ಗಾಳಿ ಮರಳು ತುಂಬಿ ಮುಚ್ಚಿತ್ತು. ದೋಣಿಗಳ ಹಲಗೆಗಳು ಬಿಚ್ಚಿಕೊಳ್ಳುತ್ತಿದ್ದವು, ಸಂಜೆಯವರೆಗೂ ತಡೆಯುವಂತಿರಲಿಲ್ಲ.

ಆ ಹಡಗಿನ ಕಪ್ತಾನ ಹಮೂದ್ ತಾನೇ ದಡಕ್ಕೆ ಬಂದು ಗಾನಿಮನ ಹೊಸ್ತಿಲಲ್ಲಿ ನಿಂತ. ನಮ್ಮ ಗಾಜಿಗೆ ಹಡಗಿನ ಅಡಿ ಕಾಣುತ್ತದೆ ಕಾಕಾ, ಎದುರಿನದು ಕಾಣುವುದಿಲ್ಲ ಎಂದ. ಹೊದಿಸಿದ ಶಾಲನ್ನೇ ಕೇಳಿ ನೋಡಿ ಎಂದನಂತೆ ಗಾನಿಮ್. ಆಗ ಮೌಝಾ ಅಂದಳು, "ಅಪ್ಪಾ, ನಿಮ್ಮ ಸಿಟ್ಟು ನಾಳೆಗೂ ಇರ್ತದೆ. ಅವರು ಇರೋದಿಲ್ಲ."

ಗಾನಿಮ್ ಎದ್ದ.

ಮುಂದೆ ಸಣ್ಣ ದೋಣಿಯಲ್ಲಿ ಸೀಸದ ಗುಂಡು ಇಳಿಬಿಡುತ್ತಾ ಅವನು, ಹಿಂದೆ ಆ ಕಬ್ಬಿಣದ ಬೆಟ್ಟ. "ನಾಲ್ಕು ಮಾರು! ನೀರಿದೆ, ಬನ್ನಿ!" ಎಂದರೆ ಬರುತ್ತಿತ್ತು, ನಿಲ್ಲಿ ಎಂದರೆ ಕಟ್ಟಿಹಾಕಿದ ಎಮ್ಮೆಯ ಹಾಗೆ ನಿಲ್ಲುತ್ತಿತ್ತು. ಒಳಗೆ ಹೋಗುವಾಗ ಕೂಗಿದ, ಇನ್ನೂರು ಜನರನ್ನು ಹತ್ತಿಸಿಕೊಂಡು ಹೊರಗೆ ಬರುವಾಗಲೂ ಕೂಗಿದ. ಗಾಳಿಯನ್ನು ಮೀರಿ ಕೂಗಿದನಂತೆ, ಗಂಟಲಲ್ಲಿ ನೆತ್ತರು ಬಂದರೂ ಕೂಗಿದನಂತೆ. ಆಳದ ನೀರು ಮುಟ್ಟಿದಾಗ ಬಾಯಿ ತೆರೆದ, ದನಿ ಬರಲಿಲ್ಲ. ಆಮೇಲೆ ಸಾಯುವ ತನಕ ಬರಲೇ ಇಲ್ಲ. ದಡದಲ್ಲಿ ಮೌಝಾ ಗಂಡನನ್ನು ನೋಡಿ ನಕ್ಕಳು, ಅಪ್ಪನ ಗಂಟಲು ಮುಟ್ಟಿ ಅತ್ತಳು.

ಈಗ ಆ ರಾಜ್ಯದ ನೌಕಾಪಡೆ ಎಷ್ಟು ದೊಡ್ಡದೆಂದರೆ, ಆಕಾಶದ ಜೊತೆ ಮಾತಾಡುವ ಹಡಗುಗಳಿವೆಯಂತೆ. ಆದರೂ ಹೊಸ ಹಡಗು ಬಂದರೆ ಮೊದಲ ದಿನ ಆ ಊರಿನೆದುರು ಇಂಜಿನ್ ನಿಲ್ಲಿಸಿ ಕಾಯುತ್ತದಂತೆ. ಊರವರೆಲ್ಲ ದಡಕ್ಕೆ ಓಡಿಬಂದು, ಮಕ್ಕಳು ಮುದುಕರೆನ್ನದೆ, ಗಾನಿಮನ ಬದಲಿಗೆ ಕೂಗುತ್ತಾರೆ: "ನಾಲ್ಕು ಮಾರು! ನೀರಿದೆ, ಬನ್ನಿ!" ಗಾಜು ಎಷ್ಟೇ ಆಳ ತೋರಿಸಲಿ, ಆ ಕೂಗು ಕಿವಿಗೆ ಬೀಳುವ ತನಕ ಕಪ್ತಾನ ಹಡಗನ್ನು ಮುಂದೆ ಬಿಡುವುದಿಲ್ಲವಂತೆ.