ಚರ್ಚಿನ ಮೆಟ್ಟಿಲ ಮೇಲೆ ಬಿಟ್ಟ ಬೂಟು

ಪ್ರಭುಭೋಜನದ ಭಾನುವಾರ. ಚರ್ಚಿನ ಮೆಟ್ಟಿಲ ಮೇಲಿದ್ದ ಕರಿ ಬೂಟು ಪಕ್ಕದ ಹವಾಯಿ ಚಪ್ಪಲಿಯನ್ನು ಗದರಿತು: “ದೂರ ಸರಿ. ನಿನ್ನ ಕೆಸರು ನನಗೆ ತಾಗುತ್ತದೆ.”

“ಒಳಗೆ ನಮ್ಮ ಯಜಮಾನರಿಬ್ಬರೂ ಒಂದೇ ರೊಟ್ಟಿ, ಒಂದೇ ಪಾತ್ರೆಯ ದ್ರಾಕ್ಷಾರಸ ಹಂಚಿಕೊಳ್ಳುತ್ತಿದ್ದಾರೆ, ಸ್ವಾಮಿ,” ಎಂದಿತು ಚಪ್ಪಲಿ. “ನಾವು ಒಂದೇ ಮೆಟ್ಟಿಲ ಮೇಲೆ ಇರಬಾರದೇ?”

“ಒಳಗಿನದು ಒಳಗೆ. ಅವರು ಹೊರಗೆ ಬಂದ ಮೇಲೆ ನೋಡು.”

“ನೋಡೋಣ. ಅಣ್ಣತಮ್ಮಂದಿರಾಗಿಯೇ ಬರುತ್ತಾರೆ.”

ಆರಾಧನೆ ಮುಗಿಯಿತು. ಬೂಟಿನ ಯಜಮಾನರು ಮೊದಲು ಬಂದರು. ತುಟಿಯ ಮೇಲಿನ ದ್ರಾಕ್ಷಾರಸ ಇನ್ನೂ ಆರಿರಲಿಲ್ಲ. ಬೂಟು ಮೆಟ್ಟಿಕೊಂಡು, ಅದರ ತುದಿಯಿಂದಲೇ ಚಪ್ಪಲಿಯನ್ನು ಮೆಟ್ಟಿಲಿನಿಂದ ಕೆಳಕ್ಕೆ ತಳ್ಳಿದರು.

ಹಿಂದೆಯೇ ಬಂದವನು ಬಗ್ಗಿ ಚಪ್ಪಲಿ ಎತ್ತಿಕೊಂಡು, “ವಂದನೆ, ಅಣ್ಣಾ,” ಎಂದ. ಬೂಟಿನ ಯಜಮಾನರು ತಿರುಗಿಯೂ ನೋಡದೆ ಮನೆಯತ್ತ ನಡೆದರು.

ವಾದದಲ್ಲಿ ಬೂಟೇ ಗೆದ್ದಿತ್ತು. ಆದರೂ ಮನೆ ಮುಟ್ಟುವವರೆಗೆ ಅದಕ್ಕೆ ಒಂದೇ ಕೊರಗು: ನನ್ನ ಮಾತು ಸುಳ್ಳಾಗಬಾರದಿತ್ತೇ?