ಊದುಗೊಳವೆ ಗುಡ್ಡ

ಬೆಣಚನೂರಿನಿಂದ ಪಡುವಣಕ್ಕೆ ಕೆರೆ ಏರಿಯ ಮೇಲೆ ಅರ್ಧ ಹರಿದಾರಿ ನಡೆದರೆ ಬೋಳುಬಂಡೆಗಳ ಗುಡ್ಡವೊಂದು ಸಿಗುತ್ತದೆ. ಅದರ ನೆತ್ತಿಯ ಮೇಲೆ ಹದಿನಾರು ಕಂಬಗಳ ಮಂಟಪ. ಕುರಿ ಕಾಯುವವರು ಮಧ್ಯಾಹ್ನ ಅಲ್ಲಿ ಬುತ್ತಿ ಬಿಚ್ಚುತ್ತಾರೆ. ಊದುಗೊಳವೆ ಗುಡ್ಡ ಎಂದು ಇದರ ಹೆಸರು. ಮೇಲೆ ಬೀಸುವ ಗಾಳಿಯಿಂದ ಈ ಹೆಸರು ಬಂದಿರಬೇಕೆಂದು ಹೊಸಬರು ತಾವೇ ತೀರ್ಮಾನಿಸಿಕೊಳ್ಳುವುದುಂಟು. ಊರ ಹಿರಿಯರು ಇದನ್ನು ಒಪ್ಪುವುದಿಲ್ಲ. ಗಾಳಿ ಎಲ್ಲ ಗುಡ್ಡಗಳ ಮೇಲೂ ಬೀಸುತ್ತದೆ, ಈ ಹೆಸರು ಬಂದದ್ದು ಬಡಿಗೇರ ಮೌನಪ್ಪನಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆಯನ್ನು ನಾಯಕರು ಆಳುತ್ತಿದ್ದ ಕಾಲದಲ್ಲಿ, ಮೌನಪ್ಪ ಇಲ್ಲಿ ನೇಗಿಲು, ಕುಂಟೆ, ಹಿಟ್ಟು ನಾದುವ ಮರಿಗೆಗಳನ್ನು ಮಾಡಿಕೊಂಡಿದ್ದ. ಯಾವ ವಸ್ತು ಕೈಗೆ ಸಿಕ್ಕರೂ ಬೆರಳಿನಿಂದ ಕುಟ್ಟಿ ಕಿವಿಗೊಡುವುದು ಅವನ ಚಟ. ಬೀಗರ ಮನೆಯಲ್ಲಿ ಕಾಲಿಗೆ ನೀರು ಕೊಟ್ಟರೆ ಕಾಲು ತೊಳೆಯುವುದನ್ನು ಮರೆತು ತಂಬಿಗೆಯನ್ನೇ ಬಾರಿಸುತ್ತ ನಿಂತುಬಿಡುತ್ತಿದ್ದ. ಹೆಂಡತಿ ಕಾಳಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದಳು. ಇಷ್ಟಾದರೂ ಅವನಿಂದ ಒಂದು ವಾದ್ಯ ಮಾಡಿಸಬೇಕೆಂದು ಯಾರಿಗೂ ತೋಚಿರಲಿಲ್ಲ. ಆ ಕೊರಗು ಅವನಿಗೆ ಇದ್ದೇ ಇತ್ತು.

ಒಂದು ವರ್ಷ ನಾಯಕರು ಗುಡ್ಡದ ಬುಡದಲ್ಲಿ ಹೊಸ ಕೆರೆ ಕಟ್ಟಿಸಿದರು. ಅದರ ತೂಬು ಬೆಣಚನೂರಿನ ಕಡೆಗಿರಬೇಕೋ, ಆಚೆಯ ಕಕ್ಕಲಹಾಳದ ಕಡೆಗಿರಬೇಕೋ ಎಂಬುದನ್ನು ತಾವೇ ಗುಡ್ಡ ಹತ್ತಿ ನೋಡಿ ಹೇಳುವುದಾಗಿ ಸುದ್ದಿ ಕಳಿಸಿದರು. ನೀರು ಸಿಗದ ಊರಿಗೆ ಮತ್ತೆ ಮಳೆಯೇ ಗತಿ. ದೊರೆಯನ್ನು ಓಲಗವಿಲ್ಲದೆ ಎದುರುಗೊಳ್ಳುವುದು ಅಪಶಕುನ. ಆದರೆ ಎರಡೂ ಊರಿಗೆ ಇದ್ದದ್ದು ಒಂದೇ ಓಲಗದ ಮೇಳ. ಬೆಣಚನೂರಿನ ಗೌಡರು ತಮ್ಮ ಮನೆಯ ಮದುವೆಯಲ್ಲಿ ಅವರನ್ನು ಕಟ್ಟಕಡೆಯ ಪಂಕ್ತಿಯಲ್ಲಿ ಕೂರಿಸಿ ಬರಿಯ ತಿಳಿಸಾರು ಬಡಿಸಿದ್ದರಿಂದ, ಮೇಳದವರು ಮುನಿದು ದೂರದ ಸೀಮೆಗೆ ಹೋಗಿಬಿಟ್ಟಿದ್ದರು.

ಗೌಡರು ಮೌನಪ್ಪನ ಕೊಟ್ಟಿಗೆಗೇ ಬಂದರು. "ಮೂರು ದಿನ ಐತಿ. ಏನಾರ ಸದ್ದು ಬರೋ ಹಂಗ ಮಾಡು," ಎಂದರು.

ಇಂಥ ಮಾತಿಗಾಗಿ ಮೌನಪ್ಪ ಇಪ್ಪತ್ತು ವರ್ಷ ಕಾದಿದ್ದ. ಹತ್ತಿ ಹಿಂಜುವ ಪಿಂಜಾರರ ಬಿಲ್ಲಿನಿಂದ ನರದ ಹುರಿ ಬಿಚ್ಚಿ ತಂದು ಮರಿಗೆಯೊಂದಕ್ಕೆ ಬಿಗಿದ. ಮೀಟಿದರೆ ಗುಂಯ್ ಎಂದಿತು. ಏಳು ಗಡಿಗೆಗಳಿಗೆ ಹೆಚ್ಚುಕಡಿಮೆ ನೀರು ತುಂಬಿ, ಸೌಟಿನಿಂದ ಬಡಿದು ಏಳು ಸ್ವರ ಹೊಂದಿಸಿದ. ಆಮೇಲೆ ಮನೆಮನೆಯ ಒಲೆಯ ಪಕ್ಕದಿಂದ ಬಿದಿರಿನ ಊದುಗೊಳವೆಗಳನ್ನು ಎತ್ತಿಕೊಂಡು ಬಂದ. ಹೆಂಗಸರು ನಾಯಕರ ಊಟಕ್ಕೆ ಹಿಟ್ಟು ಬೀಸುವ ಗಡಿಬಿಡಿಯಲ್ಲಿದ್ದುದರಿಂದ ಯಾರೂ ಏಕೆಂದು ಕೇಳಲಿಲ್ಲ. ಒಂದೊಂದು ಕೊಳವೆಯ ಬಾಯಿಗೂ ಸೀಳು ಬಿಟ್ಟು ಬೆಣೆ ಬಡಿದು, ಅದರ ಕೆಳಗೆ ಸದ್ದಿಗೊಂದು ಕಂಡಿ ಕೊರೆದು, ಬೈರಿಗೆಯಿಂದ ಆರಾರು ತೂತು ಹಾಕಿದ. ಹನ್ನೆರಡು ಕೊಳಲು ಸಿದ್ಧವಾದವು. ಊದಲು ಬಂದ ಗಂಡಸರಿಗೆ ಮಾತ್ರ ದಮ್ಮೇ ಸಾಲಲಿಲ್ಲ. ಒಂದು ಸ್ವರಕ್ಕೆ ಕೆಮ್ಮು ಹತ್ತಿ, ಎರಡನೆಯದಕ್ಕೆ ಕಣ್ಣು ಕತ್ತಲಿಟ್ಟು ಕೂತುಬಿಟ್ಟರು. ನಾಯಕರು ಬರುವ ದಿನ ಬೆಳಿಗ್ಗೆ ಕೊಳವೆಗಳನ್ನು ಮಂಟಪದ ಮೂಲೆಗೆಸೆದು, ಗಡಿಗೆ ಬಡಿಯುವುದೇ ಸಾಕೆಂದರು.

ಆ ಹೊತ್ತಿಗೆ ಹೆಂಗಸರು ಮಂಟಪದ ಮುಂದೆ ಹನ್ನೆರಡು ಒಲೆ ಹೂಡಿ ಬೇಳೆಗೆ ಎಸರಿಟ್ಟಿದ್ದರು. ಸೌದೆ ಹಸಿ, ಬರೀ ಹೊಗೆ. ಕಾಳಮ್ಮ ಮೂಲೆಯಿಂದ ಒಂದು ಕೊಳವೆ ಎಳೆದುಕೊಂಡು, ನೋಡದೆಯೇ ಬಾಯಿಗಿಟ್ಟು ಬಲವಾಗಿ ಊದಿದಳು. ಬೆಂಕಿ ಹತ್ತಲಿಲ್ಲ; ಇಂಪಾದ ಸ್ವರ ಹೊರಟಿತು. ಅವಳು ಕೊಳವೆಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು.

"ಏನ್ ಮಾಡಿಟ್ಟೀರಿ ಇದಕ್ಕ?"

"ತೂತು," ಎಂದ ಮೌನಪ್ಪ.

"ಮತ್ತ ಒಲಿ?"

ಮೌನಪ್ಪ ಒಲೆಯ ವಿಚಾರವನ್ನು ಯೋಚಿಸಿಯೇ ಇರಲಿಲ್ಲ. ಅಷ್ಟರಲ್ಲಿ ನಾಯಕರ ಪಲ್ಲಕ್ಕಿ ಗುಡ್ಡದ ಬುಡಕ್ಕೆ ಬಂತೆಂದು ಗೌಡರು ಓಡಿಬಂದರು. ಕಾಳಮ್ಮ ಸಿಟ್ಟಿನಿಂದ ಆರೂ ತೂತುಗಳನ್ನು ಬೆರಳಿನಿಂದ ಮುಚ್ಚಿ ಇನ್ನೂ ಜೋರಾಗಿ ಊದಿದಳು. ಸ್ವರ ಕೆಳಗಿಳಿಯಿತು. "ಒಂದು ಬೆರಳು ಎತ್ತು," ಎಂದು ಮೌನಪ್ಪ ಮೆಲ್ಲಗೆ ಹೇಳಿದ. ಎತ್ತಿದಳು. ಹತ್ತು ವರ್ಷದಿಂದ ಬೀಸುಕಲ್ಲಿನ ಮುಂದೆ ಹಾಡಿದ ಹಾಡು ಅವಳ ಬೆರಳಿಗೆ ತಾನಾಗಿ ಬಂತು. ಉಳಿದ ಒಲೆಗಳ ಮುಂದಿದ್ದ ಹನ್ನೊಂದು ಹೆಂಗಸರೂ ಒಂದೊಂದು ಕೊಳವೆ ಎತ್ತಿಕೊಂಡು ಸೇರಿಕೊಂಡರು. ದಿನಕ್ಕೆರಡು ಸಲ ಒಲೆ ಊದಿದವರಿಗೆ ದಮ್ಮಿನ ಕೊರತೆಯೆಲ್ಲಿಯದು? ಗಂಡಸರು ಗಡಿಗೆ ಬಾರಿಸಿದರು. ಮರಿಗೆ ಮೀಟುತ್ತಿದ್ದ ಮೌನಪ್ಪನಿಗೆ ಕಣ್ಣಲ್ಲಿ ನೀರು ಬಂತು; ಹೊಗೆಯೆಂದು ಒರೆಸಿಕೊಂಡ.

ನಾಯಕರು ಮೇಲೆ ಬಂದು ಆರಿದ ಒಲೆಗಳ ಮುಂದೆ ಕೆನ್ನೆಯುಬ್ಬಿಸಿ ಕೂತಿದ್ದ ಹೆಂಗಸರನ್ನು ಕಂಡು ನಿಂತುಬಿಟ್ಟರು. ಹಾಡು ಮುಗಿಯುವವರೆಗೂ ಕದಲಲಿಲ್ಲ. "ಇದನ್ನು ಮಾಡಿದವರು ಯಾರು?" ಎಂದು ಕೇಳಿದರು.

"ನಾನೇ, ಒಡೆಯ. ಅಡುಗೆ ಕೆಟ್ಟದ್ದೂ ನನ್ನಿಂದಲೇ," ಎಂದು ಮೌನಪ್ಪ ಕೈಮುಗಿದ.

ಆಚೆಯ ಇಳಿಜಾರಿನಿಂದ ಕಕ್ಕಲಹಾಳದವರು ಬಿಸಿ ಹೋಳಿಗೆಯ ಬುಟ್ಟಿಗಳನ್ನು ಹೊತ್ತು, ಓಲಗವಿಲ್ಲವೆಂದು ತಲೆತಗ್ಗಿಸಿಕೊಂಡು ಹತ್ತಿ ಬರುತ್ತಿದ್ದರು. ನಾಯಕರು ಹೊಟ್ಟೆ ತುಂಬ ಉಂಡರು. ಕೈ ತೊಳೆದ ಮೇಲೆ, ಕಿವಿ ತುಂಬಿಸಿದ ಊರಿಗೊಂದು, ಹೊಟ್ಟೆ ತುಂಬಿಸಿದ ಊರಿಗೊಂದು, ಹೀಗೆ ಎರಡು ತೂಬು ಇರಲಿ ಎಂದರು. ಮೌನಪ್ಪನಿಗೆ ಶಾಲು ಹೊದಿಸಿದರು. ಆದರೆ ಮುಂದೆ ಯಾವ ಒಲೆಯ ಹತ್ತಿರವೂ ಅವನು ಬೈರಿಗೆ ಒಯ್ಯಕೂಡದೆಂದು ಕಾಳಮ್ಮ ಅಲ್ಲಿಯೇ ಅಪ್ಪಣೆ ಬೇಡಿ ಪಡೆದಳಂತೆ.

ಈಗಲೂ ಮಂಟಪಕ್ಕೆ ಹೋದವರು ಮೂಡಣ ಕಂಬದ ಮೇಲೆ ಗೇಣುದ್ದದ ಒಂದು ಕೆತ್ತನೆಯನ್ನು ಕಾಣಬಹುದು. ಕೊಳಲೂದುವ ಕೃಷ್ಣನೆಂದು ಭಾವಿಸಿ ಅರಿಶಿನ ಕುಂಕುಮ ಹಚ್ಚಿ ಹೋಗುವವರಿದ್ದಾರೆ. ಸ್ವಲ್ಪ ಬಗ್ಗಿ ನೋಡಿದರೆ, ಆ ಕೃಷ್ಣ ಸೀರೆ ಉಟ್ಟು ಕುಕ್ಕರಗಾಲಿನಲ್ಲಿ ಕೂತಿರುವುದೂ, ಮುಂದೆ ಮೂರು ಕಲ್ಲಿನ ಒಲೆ ಇರುವುದೂ, ಮುಖದಲ್ಲಿ ಇನ್ನೂ ಸಿಟ್ಟು ಇಳಿಯದಿರುವುದೂ ಗೊತ್ತಾಗುತ್ತದೆ.